ಜೋಡಿ ನಳಿಗೆ ಮತ್ತು ಒಂದು ಖಾಲಿ ಕಾಲಂ

ಮೂರು ವಾರದಿಂದ ನನ್ನ ಮೇಜಿನ ಮೇಲೆ ಒಂದು ಫಾರಂ ಬಿದ್ದಿದೆ. ಎರಡೇ ಪುಟ. ಹೆಸರು, ವಿಳಾಸ, ಗೇಜ್ ಎಷ್ಟು, ನಳಿಗೆ ಎಷ್ಟುದ್ದ, ಟ್ರಿಗರ್ ಒಂದೋ ಎರಡೋ, ಮರ ಎಂಥದ್ದು... ಎಲ್ಲ ತುಂಬಿಸಿ ಆಗಿದೆ. ಒಂದು ಕಾಲಂ ಮಾತ್ರ ಖಾಲಿ ಉಳಿದಿದೆ. ಅದರ ವಿಷಯ ಆಮೇಲೆ ಹೇಳ್ತೀನಿ.

ಸಂಗತಿ ಏನಪ್ಪಾ ಅಂದ್ರೆ, ನಾನೊಂದು ಕೋವಿ ಮಾಡಿಸಬೇಕು ಅಂತಿದ್ದೇನೆ. ಅಂಗಡಿಗೆ ಹೋಗಿ ತರೋದಲ್ಲ, ಅಳತೆ ಕೊಟ್ಟು ಮಾಡಿಸೋದು. ಅಮೆರಿಕದಲ್ಲೇ ತಯಾರಾಗುವ, ಅಕ್ಕಪಕ್ಕ ಎರಡು ನಳಿಗೆ ಇರುವ, ಹಳೇ ಮಾದರಿಯ ಹೊಸ ಕೋವಿ. ಯಾರ ಹತ್ತಿರ ಮಾಡಿಸ್ತೀನಿ ಅಂತ ಹೇಳೋದಿಲ್ಲ, ಇದು ಜಾಹೀರಾತು ಆಗೋದು ಬೇಡ. ಬೆಲೆಯನ್ನೂ ಹೇಳೋದಿಲ್ಲ. ಅಷ್ಟು ದುಡ್ಡಿಗೆ ಒಂದು ಒಳ್ಳೆಯ ಸೆಕೆಂಡ್ ಹ್ಯಾಂಡ್ ಕಾರು ಬರುತ್ತೆ ಅಂತ ಮಾತ್ರ ತಿಳ್ಕೊಳ್ಳಿ. ಮುಂಗಡ ಕಳಿಸಿದ ಮೇಲೆ ವರ್ಷಗಟ್ಟಲೆ ಕಾಯಬೇಕು.

"ನಿಂಗೆ ತಲೆ ಸರಿ ಇದೆಯಾ ಮಾರಾಯಾ" ಅಂತ ನೀವು ಕೇಳೋ ಮೊದಲೇ ಹೇಳಿಬಿಡ್ತೀನಿ, ನನ್ನ ಹೆಂಡತಿ ಈಗಾಗಲೇ ಕೇಳಿ ಆಗಿದೆ :)

ನಾನಿರೋದು ಕನೆಕ್ಟಿಕಟ್‌ನಲ್ಲಿ, ಹಾರ್ಟ್‌ಫರ್ಡ್ ಹತ್ತಿರ. ನನ್ನಂತೆ ಇನ್ಶೂರೆನ್ಸ್ ಕಂಪನಿಗಳ ಸಾಫ್ಟ್‌ವೇರ್ ಕೆಲಸಕ್ಕೆ ಬಂದು ಇಲ್ಲೇ ಉಳಿದುಹೋದ ಕನ್ನಡದವರು ಬೇಕಾದಷ್ಟಿದ್ದಾರೆ. ಹತ್ತು ವರ್ಷದ ಹಿಂದೆ ಆಫೀಸಿನ ಗೆಳೆಯನೊಬ್ಬ ಒಂದು ಭಾನುವಾರ ಸ್ಕೀಟ್ ಆಡೋ ಕ್ಲಬ್ಬಿಗೆ ಕರ್ಕೊಂಡು ಹೋದ. ಯಂತ್ರದಿಂದ ಹಾರಿಬರುವ ತಟ್ಟೆಗಳನ್ನು ಗಾಳಿಯಲ್ಲೇ ಒಡೆಯುವ ಆಟ. ಮಣ್ಣಿನ ತಟ್ಟೆ ಅಂತ ಕರೆಯೋದು, ನಿಜಕ್ಕೂ ಅದು ಸುಣ್ಣಕಲ್ಲಿನ ಪುಡಿಗೆ ಟಾರಿನಂಥದ್ದನ್ನು ಬೆರೆಸಿ ಮಾಡಿದ್ದು. ಮೊದಲ ದಿನ 25ರಲ್ಲಿ ನಾಲ್ಕು ಒಡೆದೆ. ಐದನೆಯದು ತಾನಾಗೇ ಒಡೆದುಕೊಂಡು ಬಂದಿತ್ತು ಅನ್ಸುತ್ತೆ. ಅವತ್ತಿಂದ ತಿಂಗಳಿಗೆರಡು ಸಲ ಹೋಗ್ತೀನಿ. ಹೊಡೆಯೋದು ಕ್ಲಬ್ಬಿನ ಬಾಡಿಗೆ ಕೋವಿಯಲ್ಲೇ. ಮನೆಗೆ ಇವತ್ತಿನವರೆಗೂ ಕೋವಿ ತಂದಿಲ್ಲ. ಯಾಕೆ ಅನ್ನೋದೂ ಆಮೇಲೆ.

ಕ್ಲಬ್ಬಿನಲ್ಲಿ ಹೆಚ್ಚಿನವರ ಕೈಲಿರೋದು ಮೇಲೊಂದು ಕೆಳಗೊಂದು ನಳಿಗೆಯ ಕೋವಿ. ಅಕ್ಕಪಕ್ಕ ನಳಿಗೆಯದನ್ನು ತರೋರು ಇಬ್ಬರೋ ಮೂವರೋ, ಎಲ್ಲರೂ ಎಪ್ಪತ್ತು ದಾಟಿದವರು. ಅದರಲ್ಲೊಬ್ಬರು ಒಂದು ದಿನ ತಮ್ಮ ಕೋವಿಯನ್ನು ನನ್ನ ಕೈಗೆ ಕೊಟ್ಟರು. 1920ರ ದಶಕದ ಪಾರ್ಕರ್. ಕೋವಿಯ ನಡುವನ್ನು ಮಡಚಿ ತೆರೆದೆ, ಮುಚ್ಚಿದೆ. 'ಟಕ್' ಅಂತ ಒಂದು ಸದ್ದು ಬಂತು. ನಮ್ಮ ಊರಿನ ಮನೆಯ ಹಳೇ ಬೀರುವಿನ ಬಾಗಿಲು ಹಾಕಿದಾಗ ಬರೋ ಸದ್ದು. ನನ್ನ ಹುಚ್ಚು ಶುರುವಾದದ್ದು ಅಲ್ಲಿಂದ.

ಪಾರ್ಕರ್ ಕತೆ ಗೊತ್ತಾದಾಗ ನಂಗೆ ನಗು ಬಂತು. ನಾನು ದಿನಾ ಹಾದುಹೋಗೋ ಮೆರಿಡನ್ ಊರಿನಲ್ಲಿ ಚಾರ್ಲ್ಸ್ ಪಾರ್ಕರ್ ಅನ್ನೋನು 1832ರಲ್ಲಿ ಕೆಲಸ ಶುರುಮಾಡಿದ್ದು ಏನರಿಂದ ಗೊತ್ತಾ? ಕಾಫಿ ಬೀಜ ಪುಡಿ ಮಾಡೋ ಗಿರಣಿಯಿಂದ! ಅಮೆರಿಕದ ಅಂತರ್ಯುದ್ಧದಲ್ಲಿ ಸೈನ್ಯಕ್ಕೆ ಬಂದೂಕು ಮಾಡೋ ಗುತ್ತಿಗೆ ಸಿಕ್ಕಿತು. ಯುದ್ಧ ಮುಗಿದ ಮೇಲೆ ಯಂತ್ರಗಳು ಸುಮ್ನೆ ನಿಂತಿದ್ದವು, ಜೋಡಿ ನಳಿಗೆ ಕೋವಿ ಮಾಡಲು ಶುರುಮಾಡಿದರು. ಮುಂದಿನ ಎಪ್ಪತ್ತು ಚಿಲ್ಲರೆ ವರ್ಷದಲ್ಲಿ ಸುಮಾರು 2 ಲಕ್ಷ 42 ಸಾವಿರ ಕೋವಿ ಮಾಡಿದರು. ನಾನು ಕೊಪ್ಪದ ಕಡೆಯ ಕಾಫಿ ತೋಟದ ಮನೆಯವನು. ಕಾಫಿ ಗಿರಣಿಯವನ ಕೋವಿಗೆ ಮನಸೋತದ್ದು ಋಣಾನುಬಂಧ ಅನ್ನದೆ ಇನ್ನೇನನ್ನಲಿ.

ಸರಿ, ಎರಡು ನಳಿಗೆ ಅಕ್ಕಪಕ್ಕ ಇಟ್ಟು ಬೆಸೆದರೆ ಆಯ್ತಲ್ಲ, ಅದಕ್ಕೆ ಯಾಕಿಷ್ಟು ದುಡ್ಡು ಅಂತ ನಾನೂ ಅಂದುಕೊಂಡಿದ್ದೆ. ಕಷ್ಟ ಇರೋದೇ ಅಲ್ಲಿ. ಬಲ ನಳಿಗೆ ಕೋವಿಯ ನಡುಗೆರೆಯಿಂದ ಸ್ವಲ್ಪ ಬಲಕ್ಕಿರುತ್ತೆ. ಅದನ್ನು ಹಾರಿಸಿದರೆ ಹಿಂದೊದೆತಕ್ಕೆ ಮೂತಿ ಬಲಕ್ಕೆ ತಿರುಗುತ್ತೆ. ಎಡದ್ದು ಹಾರಿಸಿದರೆ ಎಡಕ್ಕೆ. ಎರಡನ್ನೂ ಸಮಾನಾಂತರವಾಗಿ ಕೂರಿಸಿದರೆ ಒಂದು ಈಡು ಆಚೆ, ಒಂದು ಈಡು ಈಚೆ. ಹಾಗಾಗಿ ಹಿಂದೆ ಅಗಲವಾಗಿ, ಮುಂದೆ ಹೋಗ್ತಾ ಹೋಗ್ತಾ ಒಂದರ ಕಡೆಗೊಂದು ವಾಲುವ ಹಾಗೆ ಬೆಸೆಯಬೇಕು. ಸುಮಾರು 40 ಗಜ ದೂರದಲ್ಲಿ ಎರಡರ ಚರೆಯೂ ಒಂದೇ ಜಾಗಕ್ಕೆ ಬೀಳಬೇಕು. ಎಷ್ಟು ವಾಲಬೇಕು ಅನ್ನೋದನ್ನು ಲೆಕ್ಕ ಹಾಕಬಹುದು, ಆದರೆ ಸರಿಯಾಗಿದೆಯಾ ಅಂತ ತಿಳಿಯೋದು ಹಾರಿಸಿ ನೋಡಿದ ಮೇಲೇ.

ನಳಿಗೆಯ ಹಿಂಭಾಗ ಕೋವಿಯ ಕಬ್ಬಿಣದ ಮೈಗೆ ಕೂಡಿಕೊಳ್ಳೋ ಜಾಗದ ಕೆಲಸ ಇನ್ನೂ ಚೆಂದ. ಹಳಬರು ಅಲ್ಲಿಗೆ ದೀಪದ ಕಪ್ಪು ಹಿಡಿಸ್ತಿದ್ದರು. ಅಮ್ಮ ಕಾಡಿಗೆ ಮಾಡೋಕೆ ದೀಪದ ಮೇಲೆ ತಟ್ಟೆ ಕವುಚಿಡುತ್ತಿದ್ದಳಲ್ಲ, ಅದೇ ಕಪ್ಪು. ಮುಚ್ಚಿ ತೆರೆದರೆ ಎಲ್ಲಿ ಒತ್ತಿಕೊಂಡಿದೆಯೋ ಅಲ್ಲಿ ಕಪ್ಪಿನ ಗುರುತು. ಅಷ್ಟನ್ನೇ ಅರದಿಂದ ತಿಕ್ಕಿ ಮತ್ತೆ ಕಪ್ಪು ಹಿಡಿಸೋದು. ಇಡೀ ಮೈ ಒಂದೇ ಸಮ ಕೂರುವವರೆಗೆ ಹೀಗೇ. ಆ 'ಟಕ್' ಸದ್ದು ಬರೋದು ಈ ಕೆಲಸದಿಂದ. ನಳಿಗೆಗೆ ಬಣ್ಣ ಬರಿಸೋದೂ ಹಾಗೇ. ಬೇಕಂತಲೇ ತುಕ್ಕು ಹಿಡಿಸಿ, ಕುದಿಯೋ ನೀರಲ್ಲಿ ಅದ್ದಿ ಕಪ್ಪಾಗಿಸಿ, ಉಜ್ಜಿ, ಮತ್ತೆ ತುಕ್ಕು ಹಿಡಿಸಿ... ಕಳ್ಳನನ್ನೇ ಕಾವಲಿಗಿಡೋದು ಅಂತಾರಲ್ಲ, ಹಾಗೆ. ಸುಲಭದ ದಾರಿ ಒಂದಿದೆ, ಬಿಸಿ ಲವಣದ ದ್ರಾವಣದಲ್ಲಿ ಅದ್ದಿ ತೆಗೆಯೋದು. ಆದರೆ ನಳಿಗೆಗಳ ನಡುವಿನ ಪಟ್ಟಿಯನ್ನು ಹಿಡಿದಿರೋದು ತವರ-ಸೀಸದ ಬೆಸುಗೆ. ಆ ದ್ರಾವಣ ಬೆಸುಗೆಯನ್ನೇ ತಿಂದುಹಾಕುತ್ತೆ.

ಈಗ ಹೊಸದಾಗಿ ಮಾಡುವವರ ಹತ್ತಿರ ಕಂಪ್ಯೂಟರ್ ನಡೆಸುವ ಯಂತ್ರಗಳಿವೆ. ಅರ ಹಿಡಿಯೋ ಕೆಲಸದಲ್ಲಿ ಬಹುಪಾಲನ್ನು ಯಂತ್ರವೇ ಮುಗಿಸಿ ಕೊಡುತ್ತೆ. ಇದು ನನ್ನ ಮೊದಲ ಅನುಮಾನವಾಗಿತ್ತು. ಯಂತ್ರ ಮಾಡಿದ್ದಕ್ಕೆ ಆ ಸದ್ದು ಬರುತ್ತಾ? ಆಮೇಲೆ ನನಗೇ ನಾಚಿಕೆಯಾಯ್ತು. ಜೀವನಪೂರ್ತಿ ಕೋಡ್ ಬರೆದು ಉಂಡವನು ಯಂತ್ರದ ಕೆಲಸವನ್ನು ಕೀಳು ಅಂದರೆ ಹೇಗೆ? ಕೂದಲೆಳೆಗಿಂತ ಸಣ್ಣ ಅಳತೆಯನ್ನು ಯಂತ್ರ ಬೇಸರವಿಲ್ಲದೆ ಸಾವಿರ ಸಲ ಕೊರೆಯುತ್ತೆ. ಸೋಮವಾರ ಬೆಳಿಗ್ಗೆಯೂ. ಆ ಅನುಮಾನ ಬಿಟ್ಟೆ.

ಎರಡನೆಯ ಅನುಮಾನ ಅಷ್ಟು ಸುಲಭಕ್ಕೆ ಬಿಡಲಿಲ್ಲ. ಇಷ್ಟು ಕೈಕೆಲಸ ಬೇಡುವ ವಸ್ತು ಅಮೆರಿಕದಲ್ಲಿ ಯಾಕೆ ಸತ್ತಿತು ಅಂತ ಓದ್ತಾ ಹೋದೆ. ವಿಂಚೆಸ್ಟರ್‌ನವರ 1897ರ ಪಂಪ್ ಕೋವಿ, ಆಮೇಲೆ 1912ರದ್ದು, ಬ್ರೌನಿಂಗ್ ಕಂಡುಹಿಡಿದ ತಾನಾಗೇ ತುಂಬಿಕೊಳ್ಳೋ ಕೋವಿ, ಇವೆಲ್ಲ ಒಂದೇ ನಳಿಗೆಯಲ್ಲಿ ಐದಾರು ತೋಟೆ ಹಾರಿಸ್ತಿದ್ದವು. ಎರಡು ನಳಿಗೆ ಬೆಸೆಯೋ ತಾಪತ್ರಯವೇ ಇಲ್ಲ. ಮೇಲಿಂದ 1929ರ ಆರ್ಥಿಕ ಕುಸಿತ. ಫಿಲಡೆಲ್ಫಿಯಾದ ಫಾಕ್ಸ್ ಅದೇ ವರ್ಷ ಸ್ಯಾವೇಜ್ ಕಂಪನಿಯ ಪಾಲಾಯ್ತು. ಥಿಯೋಡರ್ ರೂಸ್ವೆಲ್ಟ್ 1909ರಲ್ಲಿ ಆಫ್ರಿಕಾಕ್ಕೆ ಹೊತ್ತೊಯ್ದಿದ್ದ ಕೋವಿ ಅದೇ ಫಾಕ್ಸ್. 2010ರಲ್ಲಿ ಹರಾಜಿಗೆ ಬಂದಾಗ 8 ಲಕ್ಷ 62 ಸಾವಿರದ 500 ಡಾಲರಿಗೆ ಹೋಯ್ತು. ಪಾರ್ಕರನ್ನು 1934ರಲ್ಲಿ ರೆಮಿಂಗ್ಟನ್ ಕೊಂಡು, ಕೆಲವು ವರ್ಷದಲ್ಲಿ ಮೆರಿಡನ್‌ನಿಂದ ನ್ಯೂಯಾರ್ಕ್ ರಾಜ್ಯದ ಇಲಿಯನ್‌ಗೆ ಸಾಗಿಸಿತು. ಎರಡನೇ ಮಹಾಯುದ್ಧದ ಹೊತ್ತಿಗೆ ಅದೂ ನಿಂತಿತು. ಇಥಾಕಾ 1948ರಲ್ಲಿ ಜೋಡಿ ನಳಿಗೆ ಬಿಟ್ಟಿತು. ಎಲ್.ಸಿ. ಸ್ಮಿತ್ ಕೋವಿಗಳ ಫುಲ್ಟನ್ ಕಾರ್ಖಾನೆಯಲ್ಲಂತೂ 1949ರಲ್ಲಿ ನೆಲವೇ ಕುಸಿದುಬಿತ್ತು. ಮರುವರ್ಷ ಕತೆ ಮುಗಿಯಿತು.

ಮತ್ತೆ ಹುಟ್ಟಿಸೋ ಪ್ರಯತ್ನಗಳೂ ನಡೆದವು. 1980ರ ದಶಕದಲ್ಲಿ ಪಾರ್ಕರ್ ಹೆಸರಿನ ಕೋವಿ ಬಂತು. ಹೆಸರು ಮೆರಿಡನ್ನಿನದು, ಮಾಡಿದ ಕೈ ಜಪಾನಿನದು. ಬಹಳ ಒಳ್ಳೆಯ ಕೈ ಅಂತ ಎಲ್ಲರೂ ಒಪ್ಪುತ್ತಾರೆ, ಆದರೂ ಅದು ಆ ದಶಕ ದಾಟಲಿಲ್ಲ. 1990ರ ದಶಕದಲ್ಲಿ ಫಾಕ್ಸ್ ಇದೇ ಕನೆಕ್ಟಿಕಟ್‌ನ ನ್ಯೂ ಬ್ರಿಟನ್‌ನಲ್ಲಿ ಮತ್ತೆ ಹುಟ್ಟಿತು. ಇಲಿಯನ್‌ನ ಆ ದೊಡ್ಡ ಕಾರ್ಖಾನೆ 2024ರ ಮಾರ್ಚ್‌ನಲ್ಲಿ ಬಾಗಿಲು ಹಾಕಿತು.

ಇದನ್ನೆಲ್ಲ ಓದಿದ ಮೇಲೆ ಒಂದು ವಿಷಯ ತಲೆಯಲ್ಲಿ ಕೂತುಬಿಟ್ಟಿತು. ಕೋವಿ ನೂರು ವರ್ಷ ಬದುಕುತ್ತೆ. ಕೋವಿ ಮಾಡಿದವರು ಬದುಕಲ್ಲ. ಲೈಫ್‌ಟೈಂ ವಾರಂಟಿ ಅಂತಾರೆ. ಯಾರ ಲೈಫು? ನನ್ನದಾ, ಕೋವಿಯದಾ, ಕಂಪನಿಯದಾ? ಮೂವತ್ತು ವರ್ಷ ಬಿಟ್ಟು ಒಂದು ಸ್ಪ್ರಿಂಗ್ ಮುರಿದರೆ ಅದನ್ನು ಮಾಡಿಕೊಡೋಕೆ ಯಾರಿರ್ತಾರೆ?

"ಹಾಗಾದರೆ ಹಳೇದನ್ನೇ ತಗೋ" ಅಂದರು ಪಾರ್ಕರ್ ಅಜ್ಜ. ಅದೂ ನೋಡಿದೆ. ಆದರೆ ಹಳೆಯ ಅಮೆರಿಕನ್ ಕೋವಿಗಳ ಸ್ಟಾಕ್ ತೀರಾ ಬಾಗಿರುತ್ತೆ. ಆಗಿನವರು ತಲೆ ಎತ್ತಿ ನಿಂತು ಹೊಡೀತಿದ್ದರು, ಈಗಿನವರು ಕೆನ್ನೆ ಒತ್ತಿ ಹೊಡೀತೀವಿ. ಕೆಲವದರ ನಳಿಗೆಯಲ್ಲಿ ಈಗಿನ ತೋಟೆಯ ಉದ್ದಕ್ಕೆ ಜಾಗವಿರಲ್ಲ. 1991ರಿಂದ ಇಡೀ ದೇಶದಲ್ಲಿ ಬಾತುಕೋಳಿ ಬೇಟೆಗೆ ಸೀಸದ ಚರೆ ನಿಷೇಧ. ಅದರ ಬದಲಿಗೆ ಬಂದ ಉಕ್ಕಿನ ಚರೆಯನ್ನು ಆ ಹಳೇ ಬಿಗಿ ನಳಿಗೆಗಳಲ್ಲಿ ಹಾರಿಸೋಕಾಗಲ್ಲ. ನಾನೇನೂ ಬಾತುಕೋಳಿ ಹೊಡೆಯುವವನಲ್ಲ, ಆ ಮಾತು ಬೇರೆ. ನಿಜವಾದ ಕಾರಣ ಇನ್ನೊಂದು. ಅಂಗಡಿಯಲ್ಲಿ ಒಂದು ಫಾಕ್ಸ್ ಕೈಗೆ ತಗೊಂಡೆ. ಹಿಡಿಯ ಮೇಲಿನ ಗೀರುಗಳು ಒಂದು ಕಡೆ ಮಾತ್ರ ಸವೆದು ನುಣ್ಣಗಾಗಿದ್ದವು, ಯಾರದೋ ಹೆಬ್ಬೆರಳಿನ ಜಾಗ. ತೀರಿಕೊಂಡವರ ಮನೆಯಿಂದ ಬಂದದ್ದು ಅಂದ ಅಂಗಡಿಯವ. ಯಾರದೋ ಅಪ್ಪನ ಕೋವಿ. ಸುಮ್ಮನೆ ವಾಪಸ್ ಇಟ್ಟುಬಿಟ್ಟೆ.

ಯಾಕಂದರೆ ನನ್ನ ಅಪ್ಪನದೂ ಒಂದಿತ್ತು.

ನಮ್ಮನೆಯ ಕೋವಿ ಬರ್ಮಿಂಗ್‌ಹ್ಯಾಮಿನ ಗ್ರೀನರ್, ಹನ್ನೆರಡು ಬೋರಿನ ಜೋಡಿ ನಳಿಗೆ. ತೋಟ ಮಾರಿ ಇಂಗ್ಲೆಂಡಿಗೆ ಹೊರಟ ಒಬ್ಬ ದೊರೆಯಿಂದ ಅಜ್ಜ ಕೊಂಡದ್ದಂತೆ. ದೊರೆ ಆರಡಿ ಮೇಲಿನ ಆಳು, ನಮ್ಮಜ್ಜ ಐದಡಿ ಮೂರಂಗುಲ. ಅಜ್ಜನಿಗೆ ಅದನ್ನು ಭುಜಕ್ಕೆ ಏರಿಸಿದರೆ ಕೈ ಟ್ರಿಗರ್ ಮುಟ್ಟುತ್ತಿರಲಿಲ್ಲ. ಆಚಾರಿಯನ್ನು ಕರೆಸಿ ಸ್ಟಾಕಿನ ಹಿಂದಿನಿಂದ ಒಂದಂಗುಲ ಚಿಲ್ಲರೆ ಕೊಯ್ಯಿಸಿಬಿಟ್ಟ. ಅಪ್ಪ ಅಜ್ಜಿಯ ಕಡೆಯ ಎತ್ತರ. ಅವನ ಕಾಲಕ್ಕೆ ಕೋವಿ ಗಿಡ್ಡವಾಯ್ತು. ಅದೇ ಆಚಾರಿಯ ಮಗನನ್ನು ಕರೆಸಿ ಹಲಸಿನ ಮರದ ತುಂಡು ಸೇರಿಸಿ ಮತ್ತೆ ಉದ್ದ ಮಾಡಿಸಿದ. ಕಪ್ಪು ವಾಲ್‌ನಟ್ಟಿನ ಹಿಂದೆ ಹಳದಿ ಹಲಸು, ಪಂಚೆಗೆ ತೇಪೆ ಹಾಕಿದ ಹಾಗೆ.

ಆ ಕೋವಿ ನಾನು ಕಂಡಂತೆ ಮಂಗ ಓಡಿಸೋಕೆ ಗಾಳಿಯಲ್ಲಿ ಈಡು ಹಾರಿಸಿದ್ದು ಬಿಟ್ಟರೆ ಬೇರೇನೂ ಮಾಡಲಿಲ್ಲ. ಬೇಟೆಯ ಕಾಲ 1972ರ ವನ್ಯಜೀವಿ ಕಾಯ್ದೆಗೇ ಮುಗಿದಿತ್ತು. ಕೊಡಗಿನವರಿಗಿರೋ ಲೈಸೆನ್ಸ್ ವಿನಾಯಿತಿ ನಮಗಿಲ್ಲ. ಹೊತ್ತು ಹೊತ್ತಿಗೆ ಲೈಸೆನ್ಸ್ ನವೀಕರಣ, ಚುನಾವಣೆ ಬಂತೆಂದರೆ ಕೋವಿ ಠಾಣೆಗೆ, ಫಲಿತಾಂಶ ಬಂದ ಮೇಲೆ ವಾಪಸ್ ಮನೆಗೆ. "ನಮ್ಮನೆಯಲ್ಲಿ ಮತದಾನ ತಪ್ಪಿಸದೆ ಇರೋದು ಕೋವಿ ಒಂದೇ" ಅಂತ ಅಪ್ಪ ನಗಾಡ್ತಿದ್ದ.

ಒಂದು ಸಲ ರಜಕ್ಕೆ ಹೋದಾಗ ಅಪ್ಪ ಕೇಳಿದ, "ಲೈಸೆನ್ಸಿಗೆ ನಿನ್ನ ಹೆಸರೂ ಸೇರಿಸ್ಲನಾ?" ನಾನು ಲ್ಯಾಪ್‌ಟಾಪಿನಿಂದ ತಲೆ ಎತ್ತದೆ ಹೇಳಿದೆ, "ಎಂತಕ್ಕೆ ಅಪ್ಪಯ್ಯ, ನಾನೆಲ್ಲಿ ಇಲ್ಲಿರ್ತೀನಿ." ಅಪ್ಪ ಮತ್ತೆ ಕೇಳಲಿಲ್ಲ.

2019ರಲ್ಲಿ ಅಪ್ಪ ಹೋದ. ತಮ್ಮ ಬೆಂಗಳೂರಿನ ಫ್ಲ್ಯಾಟಿನಲ್ಲಿ, ನಾನಿಲ್ಲಿ. ಕೋವಿ ಯಾರ ಹೆಸರಿಗೂ ಆಗಲಿಲ್ಲ. ವೈಕುಂಠ ಸಮಾರಾಧನೆ ಮುಗಿದ ಮೇಲೆ ನಾನೇ ಜೀಪಿನಲ್ಲಿ ಹಾಕ್ಕೊಂಡು ಠಾಣೆಗೆ ಒಪ್ಪಿಸಿ ರಸೀದಿ ತಗೊಂಡೆ. ಅಲ್ಲಿ ಕೋಣೆಯಲ್ಲಿ ಗೋಡೆಗೊರಗಿ ಸಾಲಾಗಿ ನಿಂತಿದ್ದವು, ಕುತ್ತಿಗೆಗೆ ಚೀಟಿ ಕಟ್ಟಿಸಿಕೊಂಡು. ಹೊರಗೆ ಬಂದು ಒಮ್ಮೆ ತಿರುಗಿ ನೋಡಿದೆ. ಅಷ್ಟರಲ್ಲಿ ನಮ್ಮದು ಯಾವುದು ಅಂತ ಬೇರೆ ಹುಡುಕಬೇಕಾಗಲಿಲ್ಲ. ಹಳದಿ ಹಲಸು ಕಾಣ್ತಿತ್ತು.

ಈಗ ಮಗಳ ವಿಷಯ. ಮನೆಗೆ ಕೋವಿ ಯಾಕೆ ತಂದಿಲ್ಲ ಅಂದೆನಲ್ಲ.

2012ರ ಡಿಸೆಂಬರ್ 14ರಂದು ನ್ಯೂಟೌನ್‌ನ ಸ್ಯಾಂಡಿ ಹುಕ್ ಶಾಲೆಯಲ್ಲಿ ಇಪ್ಪತ್ತು ಮಕ್ಕಳು, ಆರು ಜನ ದೊಡ್ಡವರು ಸತ್ತರು. ನಮ್ಮನೆಯಿಂದ ಸುಮಾರು ಒಂದು ತಾಸಿನ ದಾರಿ. ನನ್ನ ಮಗಳಿಗೆ ಆಗ ಹನ್ನೊಂದು. ಆ ದಿನ ಅವಳ ಶಾಲೆಗೂ ಬೀಗ ಹಾಕಿ ಒಳಗೇ ಕೂರಿಸಿದ್ದರು. ಆಮೇಲೆ ಅವಳ ಶಾಲೆಯ ದಿನಗಳಲ್ಲಿ ಫೈರ್ ಡ್ರಿಲ್ ಇದ್ದ ಹಾಗೆ ದೀಪ ಆರಿಸಿ ಗೋಡೆ ಮೂಲೆಯಲ್ಲಿ ಸದ್ದಿಲ್ಲದೆ ಕೂರೋ ಡ್ರಿಲ್ಲೂ ಇತ್ತು. ಇಲ್ಲಿಯ ಕಾನೂನೂ 2013ರಲ್ಲಿ ಬಿಗಿಯಾಯ್ತು. ಉದ್ದ ಕೋವಿ ಕೊಳ್ಳೋಕೂ ತರಬೇತಿ, ಬೆರಳಚ್ಚು, ಹಿನ್ನೆಲೆ ತಪಾಸಣೆ, ಸರ್ಟಿಫಿಕೇಟು. ಅದೆಲ್ಲ ನಾನು ಮಾಡಿಸಿಕೊಂಡಿದ್ದೇನೆ. ಮಗಳಿಗೆ ಹೇಳಿರಲಿಲ್ಲ.

ಈಗ ಅವಳಿಗೆ ಇಪ್ಪತ್ತನಾಲ್ಕು. ಹೋದ ತಿಂಗಳು ಮನೆಗೆ ಬಂದಾಗ ಮೇಜಿನ ಮೇಲೆ ಫಾರಂ ನೋಡಿದಳು. ನಾನು ವಿವರಿಸಲು ಶುರುಮಾಡಿದೆ. ಇದು ಆ ಥರದ ಕೋವಿ ಅಲ್ಲ, ಎರಡೇ ತೋಟೆ, ಮಡಚಿ ತೆರೆದು ಒಂದೊಂದಾಗಿ ತುಂಬಬೇಕು, ತೆರೆದಿಟ್ಟರೆ ಖಾಲಿ ಇದೆ ಅಂತ ಹತ್ತು ಮಾರು ದೂರದಿಂದಲೂ ಕಾಣುತ್ತೆ... ಹೇಳಿದ್ದೆಲ್ಲ ನಿಜ. ಆದರೆ ಹೇಳ್ತಾ ಹೇಳ್ತಾ ನನ್ನ ದನಿ ನನಗೇ ಸಬೂಬಿನ ಹಾಗೆ ಕೇಳಿಸಿತು.

ಅವಳು ಜಗಳ ಮಾಡಲಿಲ್ಲ. ಅದೇ ಕಷ್ಟ. "ನಿಂಗೆ ಬೇಕಿದ್ರೆ ಮಾಡಿಸ್ಕೋ ಅಪ್ಪಾ. ನಿನ್ನ ದುಡ್ಡು. ಆದ್ರೆ ಆಮೇಲೆ ನನ್ನ ಹೆಸರಿಗೆ ಬರೆದಿಡ್ಬೇಡ" ಅಂದಳು. ಅವಳ ಗಮನ ಫೋನಿನ ಕಡೆಗಿತ್ತು. ತಲೆ ಎತ್ತಲಿಲ್ಲ.

ನನಗೆ ಲ್ಯಾಪ್‌ಟಾಪು ನೆನಪಾಯ್ತು.

ಈಗ ಆ ಖಾಲಿ ಕಾಲಂ. ಅದರ ಹೆಸರು ಕ್ಯಾಸ್ಟ್. ಬಲಗೈಯವನು ಕೆನ್ನೆ ಒತ್ತಿದಾಗ ಕಣ್ಣು ಸರಿಯಾಗಿ ಎರಡು ನಳಿಗೆಯ ನಡುವಿನ ಪಟ್ಟಿಯ ಮೇಲೆ ಬರಬೇಕು. ಅದಕ್ಕೆ ಸ್ಟಾಕನ್ನು ನೇರ ಮಾಡದೆ ಒಂದು ಕಾಲಂಗುಲದಷ್ಟು ಬಲಕ್ಕೆ ವಾಲಿಸ್ತಾರೆ. ಎಡಗೈಯವರಿಗೆ ಎಡಕ್ಕೆ. ನನ್ನ ಮಗಳು ಎಡಗೈಯವಳು. ಉದ್ದ ಹೆಚ್ಚಾದರೆ ಕೊಯ್ಯಿಸಬಹುದು, ಕಮ್ಮಿಯಾದರೆ ಹಲಸು ಹಚ್ಚಬಹುದು, ಅದಕ್ಕೆ ನಮ್ಮನೆಯ ಕೋವಿಯೇ ಸಾಕ್ಷಿ. ವಾಲಿದ ಮರವನ್ನು ಆಚೆಯಿಂದ ಈಚೆಗೆ ತರೋದು ಅಷ್ಟು ಸುಲಭವಲ್ಲ. ಬಿಸಿ ಎಣ್ಣೆ ಹುಯ್ದು ಬಗ್ಗಿಸುವವರಿದ್ದಾರೆ, ಮರ ಸೀಳಿದರೆ ಸೀಳಿತು.

'ಬಲಕ್ಕೆ' ಅಂತ ಬರೆದರೆ ಕೋವಿ ನನ್ನ ಮೈಗೆ ಹೊಲಿದ ಅಂಗಿಯಂತೆ ಕೂರುತ್ತೆ. ನನಗೀಗ ಐವತ್ತೇಳು, ಇನ್ನು ಹದಿನೈದು ವರ್ಷ ತಟ್ಟೆ ಒಡೆದೇನು. ಆಮೇಲೆ ಅದು ಯಾವುದೋ ಅಂಗಡಿಯ ಗೋಡೆಗೆ ಹೋಗುತ್ತೆ, ಯಾರೋ ನನ್ನ ಹೆಬ್ಬೆರಳಿನ ಗುರುತು ನೋಡಿ ವಾಪಸ್ ಇಡ್ತಾರೆ. 'ನೇರ' ಅಂತ ಬರೆದರೆ ನನಗೂ ಪೂರ್ತಿ ಕೂರಲ್ಲ. ಬರೆದಿಡಬೇಡ ಅಂದವಳಿಗಾಗಿ ಜಾಗ ಇಟ್ಟ ಹಾಗೆ ಆಗುತ್ತೆ. ಅಪ್ಪ ನನಗೆ ಇಟ್ಟಿದ್ದನಲ್ಲ, ಹಾಗೆ.

ಕಾರ್ಖಾನೆಯವರಿಗೆ ಫೋನ್ ಮಾಡಿ, ಆ ಕಾಲಂ ಆಮೇಲೆ ತುಂಬಿಸಬಹುದಾ ಅಂತ ಕೇಳಿದೆ. ಮರ ಕೊರೆಯೋದು ಕೊನೆಗೆ, ಅಷ್ಟರವರೆಗೆ ಸಮಯ ಇದೆ ಅಂದರು. ಮುಂಗಡದ ಚೆಕ್ ಬರೆದಿಟ್ಟಿದ್ದೇನೆ. ಲಕೋಟೆಗೆ ಹಾಕಿಲ್ಲ.

ನಿಮ್ಮಲ್ಲಿ ಯಾರಾದರೂ ಹೀಗೆ ಒಂದು ವಸ್ತುವನ್ನು, ಕೋವಿಯೇ ಆಗಬೇಕೆಂದಿಲ್ಲ, ವೀಣೆಯೋ ತೋಟವೋ ಮನೆಯೋ, ಮುಂದಿನವರು ಬೇಡ ಅಂದ ಮೇಲೂ ಮಾಡಿಸಿದ್ದೀರಾ? ನೇರ ಮಾಡಿಸಿದಿರಾ, ನಿಮ್ಮ ಕಡೆಗೆ ವಾಲಿಸಿಕೊಂಡಿರಾ? ತಿಳಿಸಿ.